ಕೈಚೀಲ: ಆರಿಸುವುದು, ಹೊಲಿಯುವುದು, ಮರೆಯದೆ ಒಯ್ಯುವುದು

ಪ್ಲಾಸ್ಟಿಕ್ ಕವರನ್ನು ಬಿಟ್ಟು ಕೈಚೀಲಕ್ಕೆ ಮರಳಬೇಕೆಂದು ನಿರ್ಧರಿಸಿದವರು ಮೊದಲು ಮಾಡಬೇಕಾದ ಕೆಲಸವೆಂದರೆ ಹೊಸ ಚೀಲವನ್ನು ಕೊಳ್ಳದಿರುವುದು. ಅಡುಗೆಮನೆಯ ಬಾಗಿಲ ಹಿಂದಿನ ಮೊಳೆ, ಬೀರುವಿನ ಕೆಳಗಿನ ಖಾನೆ, ಸ್ಕೂಟರಿನ ಡಿಕ್ಕಿ ಎಲ್ಲವನ್ನೂ ತಡಕಿ, ಸಿಕ್ಕ ಚೀಲಗಳನ್ನು ಮಂಚದ ಮೇಲೆ ಹರವಿ ನೋಡಿದರೆ, ಮದುವೆಯಲ್ಲಿ ತಾಂಬೂಲದೊಂದಿಗೆ ಬಂದದ್ದು, ಜವಳಿ ಅಂಗಡಿಯವರು ಕೊಟ್ಟದ್ದು, ಯಾವುದೋ ಸಮಾರಂಭದಲ್ಲಿ ಹಂಚಿದ್ದು ಎಂದು ಹತ್ತು ಹದಿನೈದಾದರೂ ಆಗುತ್ತವೆ. ನಮ್ಮ ಮನೆಯಲ್ಲಿ ಎಣಿಸಿದಾಗ ಇಪ್ಪತ್ತಮೂರು ಇದ್ದವು. ಅವುಗಳಲ್ಲಿ ಸಂತೆಗೆ ಹೋಗಿಬಂದ ಗುರುತಾಗಿ ಮಣ್ಣಿನ ಕಲೆಯೋ ಸೊಪ್ಪಿನ ಕಲೆಯೋ ಇದ್ದದ್ದು ನಾಲ್ಕರ ಮೇಲೆ ಮಾತ್ರ.

ಈ ಎಣಿಕೆಗೆ ಕಾರಣವಿದೆ. ಹತ್ತಿಯನ್ನು ಬೆಳೆಯಲು ನೀರು ಮತ್ತು ಗೊಬ್ಬರ ಬೇಕು. ನೂಲಲು, ನೇಯಲು, ಸಾಗಿಸಲು ಇಂಧನ ಬೇಕು. ಇಂಗ್ಲೆಂಡಿನ ಪರಿಸರ ಏಜೆನ್ಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಖರ್ಚನ್ನೆಲ್ಲ ಲೆಕ್ಕ ಹಾಕಿ, ಹವಾಮಾನದ ಮೇಲಾಗುವ ಪರಿಣಾಮದಲ್ಲಿ ಒಂದು ಹತ್ತಿ ಚೀಲವು ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಮೇಲೆನಿಸಬೇಕಾದರೆ ಅದನ್ನು ಕನಿಷ್ಠ 131 ಸಲ ಬಳಸಬೇಕು ಎಂದು ಹೇಳಿತು. ವಾರಕ್ಕೆ ಎರಡು ಸಲ ಒಯ್ದರೆ ಸುಮಾರು ಒಂದು ವರ್ಷ ಮೂರು ತಿಂಗಳು. ಚರಂಡಿ ಕಟ್ಟಿಕೊಳ್ಳುವುದು, ಬೀದಿಯ ದನದ ಹೊಟ್ಟೆ ಸೇರುವುದು ಮುಂತಾದ ಸಂಗತಿಗಳು ಆ ಲೆಕ್ಕದಲ್ಲಿ ಇಲ್ಲವಾದ್ದರಿಂದ, ಆ ಸಂಖ್ಯೆಯನ್ನು ಹಿಡಿದುಕೊಂಡು ಪ್ಲಾಸ್ಟಿಕ್ಕೇ ಲೇಸೆಂದು ವಾದಿಸುವುದು ಸರಿಯಲ್ಲ. ಆದರೆ ಮೊಳೆಗೆ ನೇತುಹಾಕಿದ ಇಪ್ಪತ್ತಮೂರು ಚೀಲಗಳಿಗಿಂತ ದಿನವೂ ಹೆಗಲೇರುವ ನಾಲ್ಕು ಚೀಲಗಳೇ ಮೇಲೆಂಬುದು ಅದರಿಂದ ಸ್ಪಷ್ಟವಾಗುತ್ತದೆ.

ಕಾನೂನಿನ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಕರ್ನಾಟಕ ಸರ್ಕಾರವು 2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ ಪ್ಲಾಸ್ಟಿಕ್ ಕೈಚೀಲಗಳನ್ನು, ಅವುಗಳ ದಪ್ಪ ಎಷ್ಟೇ ಇರಲಿ, ನಿಷೇಧಿಸಿದೆ. ಕೇಂದ್ರದ ನಿಯಮಗಳಲ್ಲಿ ಚೀಲಕ್ಕೆ ಇರಲೇಬೇಕಾದ ಕನಿಷ್ಠ ದಪ್ಪದ ಮಿತಿ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನಿಗೆ, 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗೆ ಏರಿತು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ತರಕಾರಿ ಗಾಡಿಯ ಮುಂದೆ ನಿಂತು ಅದನ್ನು ಅಳೆಯುವುದು ಯಾರಿಂದಲೂ ಆಗದು; ಆದ್ದರಿಂದ ಗ್ರಾಹಕರ ಮಟ್ಟಿಗೆ ಕವರನ್ನು ಕೇಳದಿರುವುದೇ ಸುಲಭ.

ಬಟ್ಟೆಯೋ ಅಲ್ಲವೋ

ಹರವಿದ ಚೀಲಗಳನ್ನು ಈಗ ವಿಂಗಡಿಸಬೇಕು. ಅಂಗಡಿಗಳಲ್ಲಿ ಬಟ್ಟೆ ಚೀಲವೆಂದೇ ಕೊಡುವ, ಮುಟ್ಟಿದರೆ ಬಟ್ಟೆಯಂತೆಯೇ ಇರುವ ಬಣ್ಣಬಣ್ಣದ ಚೀಲಗಳಲ್ಲಿ ಬಹುಪಾಲು ನಾನ್ ವೋವನ್ ಚೀಲಗಳು. ಅವು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ನೇಯದೆ, ಕಾಯಿಸಿ ಒತ್ತಿ ಮಾಡಿದವು. ಬೆಳಕಿಗೆ ಹಿಡಿದರೆ ಹಾಸು ಹೊಕ್ಕು ಕಾಣುವುದಿಲ್ಲ, ಸಣ್ಣ ಸಣ್ಣ ಚುಕ್ಕಿಗಳ ಅಚ್ಚು ಕಾಣುತ್ತದೆ. ಇನ್ನೂ ಅನುಮಾನವಿದ್ದರೆ ಅಂಚಿನಿಂದ ಒಂದು ಚೂರನ್ನು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಸಿಂಕಿನ ಮೇಲೆ ಬೆಂಕಿ ತಾಗಿಸಿ ನೋಡಬಹುದು: ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ, ಪ್ಲಾಸ್ಟಿಕ್ಕಾದರೆ ಮುದುಡಿ, ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಚದರ ಮೀಟರಿಗೆ 60 ಗ್ರಾಮಿಗಿಂತ ಹಗುರವಾದ ಇಂಥ ಚೀಲಗಳಿಗೆ 2021ರ ಸೆಪ್ಟೆಂಬರ್ 30ರಿಂದ ಅನುಮತಿ ಇಲ್ಲ. ಆದರೆ ಮನೆಯಲ್ಲಿ ಆಗಲೇ ಇರುವುದನ್ನು ಎಸೆಯುವುದರಿಂದ ಲಾಭವೇನೂ ಇಲ್ಲ; ಹಿಡಿ ಕಿತ್ತು ಹೋಗುವವರೆಗೂ ಬಳಸಿ, ಬಿಸಿಲಿನಲ್ಲಿ ಮಾತ್ರ ಇಡಬಾರದು, ಏಕೆಂದರೆ ಬಿಸಿಲಿಗೆ ಅದು ಹಪ್ಪಳದಂತೆ ಪುಡಿಯಾಗುತ್ತದೆ.

ಯಾವ ಚೀಲ ಒಳ್ಳೆಯದು ಎಂಬುದಕ್ಕೆ ಊರಿಗೊಂದು ಉತ್ತರವಿದೆ. ಬಯಲುಸೀಮೆಯಲ್ಲಿ ದಪ್ಪ ಹತ್ತಿ ಬಟ್ಟೆಯ ಚೀಲಕ್ಕೆ ಸಮನಾದದ್ದಿಲ್ಲ; ಒಗೆದರೆ ಮಧ್ಯಾಹ್ನದೊಳಗೆ ಒಣಗುತ್ತದೆ. ಆದರೆ ಆಷಾಢದ ಮಳೆ ಹಿಡಿದ ತೀರ್ಥಹಳ್ಳಿಯಲ್ಲೋ ಕುಂದಾಪುರದಲ್ಲೋ ಅದೇ ಚೀಲ ನಾಲ್ಕು ದಿನ ಒದ್ದೆಯಾಗಿಯೇ ಇದ್ದು ಬೂಷ್ಟು ಹಿಡಿಯುತ್ತದೆ. ಅಲ್ಲಿಗೆ ವಯರ್ ಬುಟ್ಟಿ ಮೇಲು. ಅದೂ ಪ್ಲಾಸ್ಟಿಕ್ಕೇ ಹೌದು. ಆದರೆ ಹತ್ತು ವರ್ಷ ಬಾಳುವ ಬುಟ್ಟಿಯನ್ನೂ ಹತ್ತು ನಿಮಿಷ ಬಾಳುವ ಕವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಸೆಣಬಿನ ಚೀಲ ಅಕ್ಕಿ, ಬೇಳೆ, ತೆಂಗಿನಕಾಯಿಗೆ ಚೆನ್ನ, ಹಸಿ ತರಕಾರಿಗೆ ಬೇಡ. ಕೊಳ್ಳುವಾಗ ಒಳಮೈಗೆ ಪ್ಲಾಸ್ಟಿಕ್ ಪದರ ಅಂಟಿಸಿದ್ದಾರೆಯೇ ಎಂದು ನೋಡಬೇಕು, ಏಕೆಂದರೆ ಹಾಗೆ ಅಂಟಿಸಿದ ಚೀಲವನ್ನು ಒಗೆಯಲಾಗದು.

ಹಿಡಿಯೇ ಮುಖ್ಯ

ಚೀಲದ ಬಟ್ಟೆ ಹರಿಯುವುದು ಅಪರೂಪ, ಕೈಕೊಡುವುದು ಹಿಡಿ. ಮೇಳವೊಂದರಲ್ಲಿ ಅಂದದ ಚಿತ್ರವಿದ್ದ ಚೀಲವನ್ನು ಮೆಚ್ಚಿ ತಂದು, ಮೊದಲ ಭಾನುವಾರವೇ ಅದರ ತುಂಬ ಮೂರು ಕೆ.ಜಿ. ಅವರೆಕಾಯಿ, ಎರಡು ಕೆ.ಜಿ. ಟೊಮೆಟೊ ಹೊತ್ತು ಬಸ್ಸಿನ ಮೆಟ್ಟಿಲೇರುವಾಗ ಒಂದು ಹಿಡಿ ಬುಡಸಮೇತ ಕಿತ್ತುಬಂತು. ಟೊಮೆಟೊಗಳು ಮೆಟ್ಟಿಲಿಳಿದು ಚಕ್ರದ ಕಡೆಗೆ ಉರುಳಿದವು. ಹಿಂದಿದ್ದವರು ನಾಲ್ಕನ್ನು ಆರಿಸಿಕೊಟ್ಟರು. ಮನೆಗೆ ಬಂದು ನೋಡಿದರೆ ಹಿಡಿಯನ್ನು ಬಾಯಂಚಿಗೆ ಒಂದೇ ಗೆರೆ ಹೊಲಿಗೆಯಲ್ಲಿ ಅಂಟಿಸಿದ್ದರು, ಅಷ್ಟೇ.

ಅಂದಿನಿಂದ ಚೀಲ ಕೊಳ್ಳುವಾಗ ಮೊದಲು ಅದರ ಒಳಮೈಯನ್ನು ಹೊರಗೆ ಮಾಡಿ ನೋಡುತ್ತೇನೆ. ಹಿಡಿಯ ತುದಿ ಬಾಯಂಚಿನಿಂದ ಕೆಳಕ್ಕೆ ಮೂರು ನಾಲ್ಕು ಬೆರಳಿನಷ್ಟಾದರೂ ಇಳಿದಿರಬೇಕು. ಅಲ್ಲಿ ಸುತ್ತಲೂ ಚೌಕವಾಗಿ ಹೊಲಿದು, ಚೌಕದೊಳಗೆ ಗುಣಾಕಾರದ ಗುರುತಿನಂತೆ ಅಡ್ಡಡ್ಡ ಹೊಲಿಗೆ ಹಾಕಿರಬೇಕು. ತಳದಲ್ಲಿ ಎರಡು ಸಾಲು ಹೊಲಿಗೆ ಇರಬೇಕು, ಎಳೆ ಬಿಚ್ಚಿಕೊಳ್ಳದಂತೆ ಬಟ್ಟೆಯ ಅಂಚನ್ನು ಮಡಚಿರಬೇಕು. ಹಿಡಿ ಎರಡು ಬೆರಳಿಗಿಂತ ಕಿರಿದಾಗಿದ್ದರೆ ಐದು ಕೆ.ಜಿ. ಭಾರಕ್ಕೆ ಅಂಗೈ ಕೊಯ್ದಂತಾಗುತ್ತದೆ. ಮನೆಯಲ್ಲಿ ಪರೀಕ್ಷಿಸುವ ಬಗೆ ಸರಳ: ಐದು ಲೀಟರಿನ ಕ್ಯಾನಿಗೆ ನೀರು ತುಂಬಿಸಿ ಚೀಲದೊಳಗಿಟ್ಟು, ಹಿಡಿದೆತ್ತಿ ಹತ್ತು ಸಲ ಜೋರಾಗಿ ಕುಲುಕಬೇಕು. ಬಿಚ್ಚಿಕೊಳ್ಳುವುದಿದ್ದರೆ ಅಲ್ಲೇ ಬಿಚ್ಚಿಕೊಳ್ಳಲಿ.

ಕೊಳ್ಳುವುದಕ್ಕಿಂತ ಹೊಲಿಯುವುದು ಕಷ್ಟವಲ್ಲ, ಅದಕ್ಕೆ ಹಳೆಯ ಪ್ಯಾಂಟಿಗಿಂತ ಒಳ್ಳೆಯ ಬಟ್ಟೆಯೂ ಇಲ್ಲ. ಪ್ಯಾಂಟಿನ ಕಾಲು ಆಗಲೇ ಕೊಳವೆಯಂತೆ ಹೊಲಿದಿರುವುದರಿಂದ ಪಕ್ಕದ ಹೊಲಿಗೆಯ ಕೆಲಸವೇ ಇರುವುದಿಲ್ಲ. ತೊಡೆಯಿಂದ ಕೆಳಕ್ಕೆ ಒಂದು ಮೊಳ ಉದ್ದದ ತುಂಡನ್ನು ಕತ್ತರಿಸಿ, ಒಳಮೈ ಹೊರಗೆ ಮಾಡಿ, ಕಿರಿದಾದ ಕಡೆಯನ್ನು ಎರಡು ಸಾಲು ಹೊಲಿದರೆ ತಳವಾಯಿತು. ತಳದ ಎರಡು ಮೂಲೆಗಳನ್ನು ತ್ರಿಕೋನವಾಗುವಂತೆ ಚಪ್ಪಟೆ ಮಾಡಿ, ತುದಿಯಿಂದ ಮೂರು ಬೆರಳು ಬಿಟ್ಟು ಅಡ್ಡಲಾಗಿ ಹೊಲಿದರೆ ಚೀಲ ನೆಲದ ಮೇಲೆ ನೆಟ್ಟಗೆ ಕೂರುತ್ತದೆ. ಅಗಲವಾದ ಕಡೆಯನ್ನು ಮಡಚಿ ಹೊಲಿದರೆ ಬಾಯಿ. ಸೊಂಟದ ಪಟ್ಟಿ ಎರಡು ಮೂರು ಪದರದ್ದಾದ್ದರಿಂದ ಅದನ್ನೇ ಎರಡು ತುಂಡು ಮಾಡಿ ಹಿಡಿಯಾಗಿಸಬಹುದು. ಕೈಯಲ್ಲಿ ಹಿಡಿಯುವ ಚೀಲಕ್ಕೆ ಉದ್ದನೆಯ ಹಿಡಿ ಬೇಡ, ಕುಳ್ಳಗಿರುವವರಿಗೆ ಚೀಲ ನೆಲಕ್ಕೆ ತಾಗುತ್ತದೆ.

ಸಂತೆಯಲ್ಲಿ

ದೊಡ್ಡ ಚೀಲ ಎರಡಿದ್ದರೂ ಮನೆಗೆ ಕವರ್ ಬರುವುದು ನಿಲ್ಲುವುದಿಲ್ಲ. ಕವರ್ ತರುವುದು ಆಲೂಗಡ್ಡೆಯಲ್ಲ, ಹತ್ತು ರೂಪಾಯಿಯ ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಕರಿಬೇವು. ಇವುಗಳಿಗಾಗಿ ಹಳೆಯ ಪಂಚೆಯಲ್ಲಿ ಅಂಗೈ ಅಗಲದ, ಬಾಯಿಗೆ ಲಾಡಿ ಪೋಣಿಸಿದ ಐದಾರು ಪುಟ್ಟ ಚೀಲಗಳನ್ನು ಹೊಲಿದು ದೊಡ್ಡ ಚೀಲದೊಳಗೇ ಇಟ್ಟಿರಬೇಕು. ಮಾರುವವರ ಕೈ ನಮ್ಮ ಮಾತಿಗಿಂತ ಚುರುಕಾಗಿರುವುದರಿಂದ, ತಕ್ಕಡಿಗೆ ಹಾಕುವ ಮೊದಲೇ ಚೀಲದ ಬಾಯಗಲಿಸಿ ಹಿಡಿದು “ಇದಕ್ಕೇ ಹಾಕಿಬಿಡಿ” ಎನ್ನಬೇಕು. “ಕವರಿಗೆ ದುಡ್ಡಿಲ್ಲ ಕಣಕ್ಕಾ, ತಗೊಳ್ಳಿ” ಎಂದು ನಾನು ದಿನವೂ ಸೊಪ್ಪು ಕೊಳ್ಳುವ ಅಜ್ಜಿ ಆರು ತಿಂಗಳು ಒತ್ತಾಯಿಸಿದರು. ಈಗ ಚೀಲ ಮುಂದೆ ಹಿಡಿಯುವವರೆಗೆ ಕಟ್ಟನ್ನು ಕೈಯಲ್ಲೇ ಇಟ್ಟುಕೊಂಡು ಕಾಯುತ್ತಾರೆ.

ಚೀಲದ ತೂಕದ ಬಗ್ಗೆ ಸಂಕೋಚ ಬೇಡ. ಖಾಲಿ ಚೀಲ 20 ಗ್ರಾಂ ಇದ್ದರೆ ಕೆ.ಜಿ.ಗೆ 80 ರೂಪಾಯಿಯ ಹುರುಳಿಕಾಯಿಯಲ್ಲಿ ಒಂದು ರೂಪಾಯಿ ಅರವತ್ತು ಪೈಸೆ ಹೋಗುತ್ತದೆ, ಅದು ಬಿಡುವ ಮಾತು, ಕೆ.ಜಿ.ಗೆ ಸಾವಿರ ರೂಪಾಯಿಯ ಗೋಡಂಬಿಯಲ್ಲಾದರೆ ಇಪ್ಪತ್ತು ರೂಪಾಯಿ. ಖಾಲಿ ಚೀಲವನ್ನು ಮೊದಲು ತೂಕದ ಯಂತ್ರದ ಮೇಲಿಟ್ಟು ಸೊನ್ನೆ ಮಾಡಿಸಿಕೊಂಡರೆ ಸರಿ.

ಭಾರದ್ದು ಕೆಳಗೆ, ಮೆದುವಾದದ್ದು ಮೇಲೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ನಾವು ಕೊಳ್ಳುವ ಕ್ರಮ ಅದಕ್ಕೆ ಹೊಂದುವುದಿಲ್ಲ. ಬಾಗಿಲಲ್ಲೇ ಟೊಮೆಟೊ ಕಂಡರೆ ಮೊದಲು ಅದನ್ನೇ ಕೊಳ್ಳುತ್ತೇವೆ. ಆದ್ದರಿಂದ ಒಂದು ಸುತ್ತು ಬರಿಗೈಯಲ್ಲಿ ತಿರುಗಿ ಬೆಲೆ ವಿಚಾರಿಸಿ, ಎರಡನೆಯ ಸುತ್ತಿನಲ್ಲಿ ಈರುಳ್ಳಿ, ಆಲೂಗಡ್ಡೆಯಿಂದ ಆರಂಭಿಸಿ ಸೊಪ್ಪಿನಲ್ಲಿ ಮುಗಿಸಬೇಕು. ಮೀನು ಮತ್ತು ಮಾಂಸಕ್ಕೆ ಬಟ್ಟೆ ಚೀಲ ಸಲ್ಲದು. ಮುಚ್ಚಳವಿರುವ ಸ್ಟೀಲ್ ಡಬ್ಬಿಯನ್ನು ಒಯ್ದು, ಅದನ್ನಿಡುವ ಚೀಲವನ್ನು ಬೇರೆ ಯಾವುದಕ್ಕೂ ಬಳಸದೆ ಪ್ರತಿಸಲವೂ ಬಿಸಿನೀರಿನಲ್ಲಿ ಒಗೆಯಬೇಕು. ಮಲೆನಾಡಿನಲ್ಲಿ ಮಾಂಸವನ್ನು ತೇಗದ ಎಲೆಯಲ್ಲಿ ಕಟ್ಟಿಕೊಡುತ್ತಿದ್ದ ರೂಢಿ ಉಳಿದಿರುವ ಕಡೆ ಡಬ್ಬಿಯೂ ಬೇಡ.

ಮರೆವು ಮತ್ತು ಮಣ್ಣು

ಇಷ್ಟೆಲ್ಲ ಮಾಡಿಯೂ ಚೀಲವನ್ನು ಮನೆಯಲ್ಲೇ ಮರೆತು ಹೋಗುವುದೇ ನಿಜವಾದ ತೊಡಕು. ಚೀಲವನ್ನು ನೆನಪಿಟ್ಟುಕೊಳ್ಳಲು ಹೆಣಗುವ ಬದಲು, ಮರೆಯಲಾಗದ ವಸ್ತುವಿಗೆ ಅದನ್ನು ಗಂಟು ಹಾಕುವುದು ವಾಸಿ: ಗಾಡಿಯ ಕೀ ನೇತುಹಾಕುವ ಮೊಳೆಗೇ ಚೀಲವನ್ನೂ ನೇತುಹಾಕಿ, ಚೀಲವನ್ನು ಎತ್ತದೆ ಕೀ ಸಿಗದಂತೆ ಮಾಡಬೇಕು. ಸಾಮಾನು ಖಾಲಿ ಮಾಡಿದ ತಕ್ಷಣ ಚೀಲ ಮೊಳೆಗೆ ಮರಳಬೇಕು. ಅಡುಗೆಮನೆಯಲ್ಲಿ ಉಳಿದ ಚೀಲ ಮರುದಿನ ಸಂತೆಗೆ ಬರುವುದಿಲ್ಲ. ಕಚೇರಿಗೆ ಹೋಗುವವರು ತೆಳು ಬಟ್ಟೆಯ ಒಂದು ಚೀಲವನ್ನು ಮಡಚಿ ಊಟದ ಡಬ್ಬಿಯ ಜೊತೆಗೆ ಇಟ್ಟುಕೊಳ್ಳಬಹುದು.

ಎರಡು ವಾರಕ್ಕೊಮ್ಮೆ ಚೀಲವನ್ನು ತಿರುವಿ ಹಾಕಿ, ಮೂಲೆಯಲ್ಲಿ ಕೂತ ಈರುಳ್ಳಿ ಸಿಪ್ಪೆ ಮತ್ತು ಮಣ್ಣನ್ನು ಕೊಡವಿ, ಇತರ ಬಟ್ಟೆಯೊಂದಿಗೆ ಒಗೆದು ಬಿಸಿಲಿಗೆ ಹಾಕಿದರೆ ಸಾಕು. ಹೊಲಿಗೆಯ ಒಂದು ಎಳೆ ಸಡಿಲವಾದದ್ದು ಕಂಡಾಗಲೇ ಸೂಜಿ ಹಿಡಿಯಬೇಕು. ತೇಪೆಗೂ ಜಗ್ಗದಷ್ಟು ಬಟ್ಟೆ ಜೀರ್ಣವಾದಾಗ ಅದನ್ನು ಕತ್ತರಿಸಿ ಮಸಿಬಟ್ಟೆ ಮಾಡಿಕೊಂಡು, ಹಿಡಿಗಳನ್ನು ಮಾತ್ರ ಜೋಪಾನವಾಗಿ ಬಿಚ್ಚಿ, ಮುಂದಿನ ಹಳೆಯ ಪ್ಯಾಂಟಿಗಾಗಿ ಹೊಲಿಗೆಯ ಡಬ್ಬಿಯಲ್ಲಿ ಇಟ್ಟುಕೊಳ್ಳಬಹುದು.