ಹನ್ನೆರಡು ಡ್ರಮ್ಮಿನ ತೆಪ್ಪ ಬಿಚ್ಚಿ ಆರರದ್ದು ಕಟ್ಟಿದೆ

ಬೀದರ್ ಜಿಲ್ಲೆಯ ಕಾರಂಜಾ ಜಲಾಶಯದ ಹಿನ್ನೀರಿನ ಆಚೆ ದಡದಲ್ಲಿ ನಮ್ಮ ತೊಗರಿ ಹೊಲವಿದೆ. ರಸ್ತೆ ಹಿಡಿದರೆ ಹದಿನಾಲ್ಕು ಕಿಲೋಮೀಟರು, ನೀರಿನ ಮೇಲೆ ಅರ್ಧ ಗಂಟೆ. ಅವ್ವ, ಹೆಂಡತಿ, ಇಬ್ಬರು ಮಕ್ಕಳು, ನಾನು ಸೇರಿ ಐವರಿಗೆ ಆರು ಡ್ರಮ್ಮು ಸಾಕು ಎಂದಾಗ ಊರಲ್ಲಿ ಯಾರೂ ಒಪ್ಪಿರಲಿಲ್ಲ. ಆ ತೆಪ್ಪ ಈಗ ಎರಡು ಬೇಸಿಗೆ ದಾಟಿದೆ.

ಮೊದಲು ಕಟ್ಟಿದ್ದು ದೊಡ್ಡದನ್ನೇ. 200 ಲೀಟರಿನ ಹನ್ನೆರಡು ಪ್ಲಾಸ್ಟಿಕ್ ಡ್ರಮ್ಮು, ಕಬ್ಬಿಣದ ಚೌಕಟ್ಟು, ಮೇಲೆ ಪ್ಲೈವುಡ್. ಹದಿನೆಂಟು ಅಡಿ ಉದ್ದ. ಹತ್ತಿರ ಹತ್ತಿರ 38 ಸಾವಿರ ರೂಪಾಯಿ ಹೋಯಿತು. ತೇಲುವುದರಲ್ಲಿ ಕೊರತೆಯಿರಲಿಲ್ಲ. ಆದರೆ ಆಷಾಢದ ಗಾಳಿಗೆ ಅಡ್ಡ ತಿರುಗಿದರೆ ಇಬ್ಬರು ಹುಟ್ಟು ಹಾಕಿದರೂ ಜಗ್ಗುತ್ತಿರಲಿಲ್ಲ. ಬೇಸಿಗೆಯಲ್ಲಿ ನೀರು ಹಿಂದೆ ಸರಿಯಿತು, ತೆಪ್ಪ ಕೆಸರಿನಲ್ಲಿ ಉಳಿಯಿತು. ಅದನ್ನು ನೀರಿಗೆ ಎಳೆಯಲು ಎಂಟು ಆಳು ಬೇಕು. ಪ್ರತಿ ಹತ್ತು ದಿನಕ್ಕೊಮ್ಮೆ ಎಂಟು ಆಳನ್ನು ಎಲ್ಲಿಂದ ತರುವುದು? ಹಿನ್ನೀರಿನ ದಡ ಒಂದೆಡೆ ನಿಲ್ಲುವುದಿಲ್ಲ. ತೆಪ್ಪವೂ ಅದರ ಹಿಂದೆ ನಡೆಯಬೇಕು.

ನಡುವೆ ಟ್ರ್ಯಾಕ್ಟರ್ ಟ್ಯೂಬು ಕಟ್ಟಿ ನೋಡಿದೆ. ಅದು ಬಲು ಹಗುರ, ಮಕ್ಕಳಿಗೂ ಇಷ್ಟವಾಗಿತ್ತು. ಮುಳುಗಿದ ಬಳ್ಳಾರಿ ಜಾಲಿಯ ಮುಳ್ಳು ನಾಲ್ಕನೆಯ ದಿನವೇ ಅದನ್ನು ಮುಗಿಸಿತು.

ಕೊನೆಗೆ ದೊಡ್ಡದನ್ನು ಬಿಚ್ಚಿ, ಒಳ್ಳೆಯ ಆರು ಡ್ರಮ್ಮು ಆರಿಸಿ ಮೂರು ಮೂರರ ಎರಡು ಸಾಲು ಮಾಡಿದೆ. ಉದ್ದ ಕಡಿಮೆ ಮಾಡಿದರೂ ಅಗಲ ಬಿಡಲಿಲ್ಲ, ಏಳು ಅಡಿ ಇಟ್ಟೆ. ತೆಪ್ಪ ಮಗುಚದಂತೆ ಕಾಯುವುದು ಸಾಲುಗಳ ನಡುವಿನ ಅಂತರ. ವೆಲ್ಡಿಂಗ್ ಬಿಟ್ಟು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ನೈಲಾನ್ ಹಗ್ಗ ಬಿಗಿದೆ; ಡ್ರಮ್ಮು ಉಜ್ಜುವ ಕಡೆಗಳಲ್ಲಿ ಹಳೆಯ ಟ್ಯೂಬಿನ ಪಟ್ಟಿ ಸುತ್ತಿದೆ. ಹಳೆಯ ಕಬ್ಬಿಣ ಗುಜರಿಗೆ ಹಾಕಿದ ಮೇಲೆ ಕೈಯಿಂದ ಹೋದದ್ದು ಆರು ಸಾವಿರವಿರಬಹುದು.

ಆದರೂ ಎರಡು ವಾರಕ್ಕೆ ತೆಪ್ಪ ಒಂದು ಬದಿಗೆ ವಾಲಿತು. ಡ್ರಮ್ಮು ತೂತಾಗಿರಲಿಲ್ಲ, ಒಳಗೆ ಮಾತ್ರ ನೀರಿತ್ತು. ಕಾರಣ ತಿಳಿಯಲು ಒಂದು ತಿಂಗಳು ಹಿಡಿಯಿತು. ನಾನು ಮಧ್ಯಾಹ್ನದ ಬಿಸಿಲಿನಲ್ಲಿ ಬಿರಡೆ ಬಿಗಿಯುತ್ತಿದ್ದೆ. ಕಾದ ಡ್ರಮ್ಮು ನೀರಿಗಿಳಿದರೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಬಿರಡೆಯ ಸಂದಿನಿಂದ ನೀರನ್ನು ಹೀರುತ್ತದೆ. ಈಗ ಬೆಳಗಿನ ಜಾವ ಬಿಗಿಯುತ್ತೇನೆ. ಬಿರಡೆಯ ತಿರುಪಿಗೆ ಹಚ್ಚುವ ಲೇಪ ನಾನೇ ಕಂಡುಕೊಂಡದ್ದು, ಅದು ನನ್ನಲ್ಲೇ ಇರಲಿ.

ನಮ್ಮ ಮೀನುಗಾರ ಕಾಕಾ ನಂಬದೆ ನಿಂತಿದ್ದರು. ಸುಮಾರು ಐವತ್ತು ಕಿಲೋದ ಎಂಟು ಮರಳಿನ ಚೀಲಗಳನ್ನು ಅವರ ಕಣ್ಣೆದುರೇ ಒಂದೇ ಸಾಲಿನ ಮೇಲೆ ಹೇರಿದೆ. ಆ ಬದಿಯ ಡ್ರಮ್ಮುಗಳು ಮುಕ್ಕಾಲು ಮುಳುಗಿದವು, ತೆಪ್ಪ ಮಗುಚಲಿಲ್ಲ. “ತಮ್ಮಾ, ಇದರ ಅಗಲ ಎಷ್ಟು ಇಟ್ಟೆ?” ಎಂದು ಕೇಳಿದರು. ಇಷ್ಟು ಭಾರ ತಡೆದರೂ ಐವರಿಗಿಂತ ಹೆಚ್ಚು ಜನರನ್ನು ನಾನು ಹತ್ತಿಸುವುದಿಲ್ಲ, ಲೈಫ್ ಜಾಕೆಟ್ ಇಲ್ಲದೆ ಹಗ್ಗ ಬಿಚ್ಚುವುದಿಲ್ಲ.

ಈಗ ನೀರು ಸರಿದಾಗ ಹೆಂಡತಿ, ನಾನು, ದೊಡ್ಡ ಮಗ ಮೂವರೇ ಮರದ ದಿಮ್ಮಿಗಳ ಮೇಲೆ ಉರುಳಿಸಿ ತೆಪ್ಪವನ್ನು ನೀರಿಗಿಳಿಸುತ್ತೇವೆ. ಅವ್ವನಿಗೆ ಹಿಡಿದುಕೊಳ್ಳಲು ಒಂದು ಕಂಬಿ ಹಾಕುವುದು ಬಾಕಿಯಿದೆ. ತೊಗರಿ ಮಾರಿದ ಮೇಲೆ ಹಾಕಿಸುತ್ತೇನೆ.