ಕಡೂರು ಸೀಮೆಯ ಒಣಹವೆ ಮನೆವಾರ್ತೆಗೆ ಬಲು ಅನುಕೂಲ

ಚಿಕ್ಕಮಗಳೂರು ಜಿಲ್ಲೆ ಅಂದ ತಕ್ಷಣ ಎಲ್ಲರೂ ಹೊಗಳುವುದು ಮಂಜು, ಮಳೆ, ಕಾಫಿತೋಟ. ಅದೇ ಜಿಲ್ಲೆಯ ಪೂರ್ವಕ್ಕಿರುವ ಕಡೂರು, ಬೀರೂರು, ಪಕ್ಕದ ಹಾಸನ ಜಿಲ್ಲೆಯ ಅರಸೀಕೆರೆ, ಈ ಕಡೆಯ ಹವೆ ಮಾತ್ರ ಯಾರ ಬಾಯಲ್ಲೂ ಒಳ್ಳೆಯದಾಗಿ ಬರುವುದಿಲ್ಲ. ಬರೀ ಗಾಳಿ, ಧೂಳು ಅಂತ ಮೂಗು ಮುರಿಯುತ್ತಾರೆ. ಬಾಬಾಬುಡನ್‌ಗಿರಿಯ ಸಾಲು ಮುಂಗಾರಿನ ಮೋಡವನ್ನು ಆಚೆಯೇ ತಡೆಯುತ್ತದೆ. ಶೃಂಗೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ ಕಡೂರಿನಲ್ಲಿ ಆರೇಳು ನೂರರ ಆಸುಪಾಸು. ಬೇಸಾಯಕ್ಕೆ ಇದು ಕಷ್ಟವೇ. ಆದರೆ ಒಣಗಿಸಿ ಕಾಪಿಟ್ಟು ವರ್ಷವಿಡೀ ಉಣ್ಣುವ ಮನೆಗೆ ಇದಕ್ಕಿಂತ ಒಳ್ಳೆಯ ಹವೆ ಬೇಕಿಲ್ಲ. ಸಮುದ್ರಮಟ್ಟದಿಂದ 750 ಮೀಟರಿಗೂ ಎತ್ತರ ಇರುವುದರಿಂದ ರಾಯಚೂರಿನ ಸುಡುಬಿಸಿಲೂ ಇಲ್ಲಿಲ್ಲ; ಹಗಲು ಚುರುಕು, ರಾತ್ರಿ ತಂಪು.

ಮೊದಲು ಸಂಡಿಗೆ. ಶಿವರಾತ್ರಿ ಕಳೆದ ಮೇಲೆ ಶುರುಮಾಡಿ, ಏಪ್ರಿಲ್ ಕೊನೆಗೆ ಭರಣಿ ಮಳೆ ಹುಟ್ಟುವುದರೊಳಗೆ ಮುಗಿಸಿ. ಒಂದು ಪಾವು ಅಕ್ಕಿಯನ್ನು ರಾತ್ರಿ ನೆನೆಹಾಕಿ ಬೆಳಗಿನ ಜಾವ ನುಣ್ಣಗೆ ರುಬ್ಬಿ. ನೀರು, ರುಬ್ಬಲು ಹಾಕಿದ್ದೂ ಸೇರಿ, ಐದು ಪಾವು. ಉಪ್ಪು ಒಂದೂವರೆ ಚಿಕ್ಕ ಚಮಚ ಸಾಕು. ಹಸಿಯಲ್ಲಿ ರುಚಿ ನೋಡಿ ಹದವಾಗಿದೆ ಅನಿಸುವಷ್ಟು ಹಾಕಿದರೆ ಒಣಗಿದ ಮೇಲೆ ಬಾಯಿಗಿಡಲಾಗದು. ನೀರು, ಉಪ್ಪು, ಜೀರಿಗೆ, ಜಜ್ಜಿದ ಹಸಿಮೆಣಸಿನಕಾಯಿ ಕುದಿಯುವಾಗ ಹಿಟ್ಟನ್ನು ಸಣ್ಣಧಾರೆಯಾಗಿ ಬಿಟ್ಟು ಕೈ ಬಿಡದೆ ತಿರುವಿ. ಹಿಟ್ಟು ಹೊಳಪು ಬಂದು, ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ. ಏಳು ಗಂಟೆಯೊಳಗೆ ಒದ್ದೆ ಪಂಚೆಯ ಮೇಲೆ ಚಮಚದಲ್ಲಿ ಬಿಡುವ ಕೆಲಸ ಮುಗಿಯಬೇಕು.

ಈ ಸೀಮೆಯಲ್ಲಿ ಸಂಡಿಗೆ ಕೆಡುವುದು ಬಿಸಿಲು ಸಾಲದೆ ಅಲ್ಲ, ಬಿಸಿಲು ಅತಿಯಾಗಿ. ಮಧ್ಯಾಹ್ನದ ಬಿಸಿಲಿಗೆ ಒಣಗಾಳಿಯೂ ಸೇರಿದರೆ ಮೇಲ್ಪದರ ಬೇಗ ಬಿಗಿದು ಒಳಗಿನ ಪಸೆ ಹೊರಬರಲು ದಾರಿಯೇ ಇರುವುದಿಲ್ಲ. ನೋಡಲು ಗಟ್ಟಿಯಾಗಿರುತ್ತದೆ, ಕರಿದರೆ ಅಂಚು ಅರಳಿ ನಡು ಕಲ್ಲಾಗುತ್ತದೆ. ಅದಕ್ಕೇ ಮೊದಲ ದಿನ ಹನ್ನೆರಡರಿಂದ ಎರಡೂವರೆವರೆಗೆ ತೆಳುವಾದ ಬಿಳಿ ಬಟ್ಟೆ ಹೊದಿಸಿ. ಸಂಜೆ ಪಂಚೆ ಮಗುಚಿ, ಹಿಂಬದಿಗೆ ನೀರು ಚಿಮುಕಿಸಿ, ಐದು ನಿಮಿಷ ಬಿಟ್ಟು ಬಿಡಿಸಿ. ಆಮೇಲೆ ಎರಡು ದಿನ ಮೊರದಲ್ಲಿ ತಿರುವಿಹಾಕಿ. ಮುರಿದರೆ ಟಕ್ಕನೆ ಮುರಿಯಬೇಕು. ಬಾಗಿದರೆ ಇನ್ನೊಂದು ಬಿಸಿಲು ಬೇಕು. ಯುಗಾದಿಯ ಹೊತ್ತಿಗೆ ಸಂಜೆ ಗುಡುಗುಮಳೆ ಹೇಳಿ ಕೇಳಿ ಬರುವುದಿಲ್ಲ, ನಾಲ್ಕು ಗಂಟೆಗೆ ಎಲ್ಲ ಒಳಗಿರಲಿ. ಡಬ್ಬಕ್ಕೆ ತುಂಬುವ ಮುಂಚೆ ನೆರಳಲ್ಲಿ ಪೂರ್ತಿ ಆರಲಿ.

ಅರಸೀಕೆರೆ ಕಡೆಯ ಉಂಡೆಕೊಬ್ಬರಿ ಈ ಹವೆಯದೇ ಕೊಡುಗೆ. ಮಳೆ ಬಿಡದೆ ಹಿಡಿಯುವ ಊರಲ್ಲಿ ಹೀಗೆ ಅಟ್ಟದಲ್ಲಿಟ್ಟು ಕೊಬ್ಬರಿ ಮಾಡಲು ಹೋದರೆ ಬೂಷ್ಟು ಹಿಡಿಯುತ್ತದೆ. ಮನೆ ಮಟ್ಟಿಗೆ ನೂರು ಕಾಯಿ ಮಾಡಿಕೊಳ್ಳುವವರು ಹನ್ನೆರಡು ತಿಂಗಳು ಬಲಿತ ಕಾಯಿಯನ್ನೇ ಆರಿಸಿ. ಎಳಸು ಕಾಯಿಯ ತಿರುಳು ಮುದುಡಿ ಕೊಳೆಯುತ್ತದೆ. ಕೀಳುವಾಗ ನೆಲಕ್ಕೆ ಬಿದ್ದು ಒಳಗೆ ಬಿರುಕು ಬಿಟ್ಟದ್ದನ್ನೂ ಬೇರೆ ಮಾಡಿ, ಅಂಥದ್ದು ನಾರುತ್ತದೆ. ಸಿಪ್ಪೆ ಸುಲಿಯದೆ ಅಟ್ಟಕ್ಕೆ ಏರಿಸಿ. ಅಟ್ಟದ ಹಾಸು ಸಂದು ಬಿಟ್ಟ ಗಳುಗಳದ್ದಾಗಿರಲಿ, ಗಾಳಿ ಕೆಳಗಿನಿಂದಲೂ ಆಡಬೇಕು. ನೆಲದ ಮೇಲೆ ರಾಶಿ ಹಾಕಿದರೆ ಪಸೆ ಹಿಡಿದು ಮೊಳಕೆ ಒಡೆಯುತ್ತದೆ. ತಿಂಗಳಿಗೊಮ್ಮೆ ಕೈಯಾಡಿಸಿ ಕೆಳಗಿನದ್ದು ಮೇಲೆ ತನ್ನಿ. ಎಂಟರಿಂದ ಹನ್ನೆರಡು ತಿಂಗಳು ಹಿಡಿಯುತ್ತದೆ. ಅಲ್ಲಾಡಿಸಿದರೆ ಮೊದಮೊದಲು ನೀರಿನ ಸದ್ದು, ಆಮೇಲೆ ಸದ್ದೇ ಇಲ್ಲ, ಕೊನೆಗೆ ಗಿಟಕು ಚಿಪ್ಪಿಗೆ ಬಡಿಯುವ ಗಟ್ಟಿ ಸದ್ದು. ಅವಸರಪಟ್ಟು ಆ ನಡುವಿನ ಹಂತದಲ್ಲಿ ಒಡೆದರೆ ತಿರುಳು ಚಿಪ್ಪಿಗೆ ಕಚ್ಚಿಕೊಂಡು ಉಂಡೆಯಾಗಿ ಬರುವುದಿಲ್ಲ.

ಇನ್ನು ಮಡಕೆ ನೀರು. ಮಣ್ಣಿನ ಮೈಯಿಂದ ಜಿನುಗುವ ನೀರು ಆವಿಯಾದಾಗಲೇ ಒಳಗಿನದ್ದು ತಣಿಯುವುದು. ಗಾಳಿ ಒಣಗಿದ್ದಷ್ಟೂ ತಂಪು ಹೆಚ್ಚು. ಹೊಸ ಮಡಕೆಯನ್ನು ಒಂದು ದಿನ ಪೂರ್ತಿ ನೀರಲ್ಲಿ ಮುಳುಗಿಸಿಡಿ. ಗಾಳಿ ಬರುವ ಕಿಟಕಿಯ ಹತ್ತಿರ, ಬಿಸಿಲು ತಾಕದ ಕಡೆ, ಒದ್ದೆ ಮರಳಿನ ಮೇಲೆ ಕೂರಿಸಿ. ಈ ಸೀಮೆಯ ಬೋರ್‌ವೆಲ್ ನೀರು ಗಡಸು. ಎರಡು ಮೂರು ತಿಂಗಳಲ್ಲಿ ಹೊರಮೈಯಲ್ಲಿ ಬಿಳಿ ಪದರ ಕಟ್ಟಿ ರಂಧ್ರ ಮುಚ್ಚಿದರೆ ನೀರು ತಣಿಯುವುದಿಲ್ಲ. ಆಗ ತೆಂಗಿನ ನಾರಿನಿಂದ ಬರೀ ನೀರಲ್ಲಿ ಉಜ್ಜಿ ಬಿಸಿಲಿಗಿಡಿ. ಸೋಪು ಬೇಡವೇ ಬೇಡ, ಮಣ್ಣು ಅದನ್ನು ಹೀರಿಕೊಳ್ಳುತ್ತದೆ.

ಮನೆ ತಂಪಾಗಿರಲು ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತಕ್ಕೆ ಕಿಟಕಿ ಮುಚ್ಚಿ, ಸಂಜೆ ಆರರ ಮೇಲೆ ಎದುರುಬದುರಿನವು ಎರಡನ್ನೂ ತೆರೆಯಿರಿ. ಹಗಲೆಲ್ಲ ತೆರೆದಿಟ್ಟು ಸೆಕೆ ಅಂತ ಗೊಣಗುವವರೇ ಹೆಚ್ಚು.

ಕಾಳುಕಡಿಗೆ ಮೂರು ಬಿಸಿಲು ಸಾಕು. ರಾಗಿ ಹಲ್ಲಿಗೆ ಸಿಕ್ಕಿದರೆ ಕಟಕ್ ಅನ್ನಬೇಕು. ಬಿಸಿಯಾಗಿರುವಾಗಲೇ ಡ್ರಮ್ಮಿಗೆ ಸುರಿದರೆ ಮುಚ್ಚಳದ ಒಳಗೆ ಬೆವರಿ ಮೇಲಿನ ಪದರ ಮುಗ್ಗುತ್ತದೆ. ರಾತ್ರಿ ಆರಲು ಬಿಟ್ಟು ಬೆಳಗ್ಗೆ ಅಂಚಿನವರೆಗೂ ತುಂಬಿ. ತೊಗರಿಬೇಳೆಗೆ ಕಿಲೋಗೆ ಒಂದು ಚಿಕ್ಕ ಚಮಚ ಹರಳೆಣ್ಣೆ ಸವರಿ. ಅವರೆಕಾಳಿಗೆ ಕೆಮ್ಮಣ್ಣು ಕಲಸಿದ ನೀರು ಹಚ್ಚಿ ಒಣಗಿಸಿದರೆ ಹುಳು ಕೊರೆಯುವುದು ಕಡಿಮೆ.

ಹಳೇ ಮನೆಗಳಲ್ಲಿ ಹಗೇವು ಇನ್ನೂ ಉಳಿದಿರಬಹುದು. ನೆಲದೊಳಗೆ ಗುಂಡಿ ತೋಡಿ ಮಾಡಿದ, ನೆಲ ಒಣಗಿರುವ ಕಡೆ ಮಾತ್ರ ನಡೆಯುವ ಕಣಜ ಅದು, ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಮುಚ್ಚಿದ ಗುಂಡಿಯಲ್ಲಿ ಕಾಳು ಉಸಿರಾಡಿ ಗಾಳಿಯ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಬಾಯಿ ತೆರೆದು ಒಂದು ದಿನ ಪೂರ್ತಿ ಬಿಡಿ. ಹಗ್ಗಕ್ಕೆ ದೀಪ ಕಟ್ಟಿ ತಳದವರೆಗೆ ಇಳಿಸಿ; ಆರಿದರೆ ಇಳಿಯಲೇಬಾರದು. ಉರಿದರೂ ಅದೊಂದನ್ನೇ ನಂಬಬೇಡಿ: ಸೊಂಟಕ್ಕೆ ಹಗ್ಗ ಬಿಗಿದು, ಮೇಲೆ ಇಬ್ಬರು ಹಿಡಿದುಕೊಂಡಿರಬೇಕು. ಇಳಿದವರು ಕುಸಿದರೆ ಹಗ್ಗ ಎಳೆಯಿರಿ, ಹಿಂದೆಯೇ ಇನ್ನೊಬ್ಬರು ಧುಮುಕಬೇಡಿ.