ಬೇಸಿಗೆ ಉತ್ಸವಕ್ಕೆ ದೊಡ್ಡ ಮರಳು ಶಿಲ್ಪ ಕಟ್ಟುವ ಬಗೆ

ಪಣಂಬೂರಿನಂತಹ ಕಡಲತೀರದಲ್ಲಿ ಆಳೆತ್ತರವನ್ನೂ ಮೀರಿದ ಮರಳು ಶಿಲ್ಪವನ್ನು ನಿಲ್ಲಿಸಬೇಕಾದರೆ ಕೆತ್ತನೆಗಿಂತ ಹೆಚ್ಚಿನ ಶ್ರಮವನ್ನು ಮರಳನ್ನು ಗಟ್ಟಿಗೊಳಿಸುವ ಕೆಲಸಕ್ಕೆ ಮೀಸಲಿಡಬೇಕು. ಕಣಗಳನ್ನು ಒಂದಕ್ಕೊಂದು ಬಂಧಿಸುವುದು ಅವುಗಳ ನಡುವಿನ ತೆಳುವಾದ ನೀರೇ ಆದ್ದರಿಂದ, ಮರಳು ಒಣಗಿದರೆ ಉದುರುತ್ತದೆ, ನೀರು ಮಿತಿಮೀರಿ ನಿಂತರೆ ಕುಸಿಯುತ್ತದೆ.

ಭರತದ ನೀರು ತಲುಪದ ಜಾಗದಲ್ಲಿ ತಳವಿಲ್ಲದ ಮರದ ಚೌಕಟ್ಟನ್ನಿಟ್ಟು, ಸುಮಾರು 15 ಸೆಂಟಿಮೀಟರ್ ದಪ್ಪಕ್ಕೆ ಮರಳು ತುಂಬಿ, ಧಾರಾಳವಾಗಿ ನೀರು ಹೊಯ್ದು, ಅದು ಇಂಗುತ್ತಿರುವಂತೆಯೇ ದಿಮ್ಮಸಿನಿಂದ ಬಡಿಯಬೇಕು. ಚೌಕಟ್ಟು ತುಂಬುವವರೆಗೂ ಹೀಗೆಯೇ ಪದರದ ಮೇಲೆ ಪದರ ಹಾಕಿ, ಅದರ ಮೇಲೆ ಇನ್ನೂ ಚಿಕ್ಕ ಚೌಕಟ್ಟನ್ನು ಕೂರಿಸಬೇಕು. ಇಲ್ಲಿ ಆತುರಪಟ್ಟವರ ಶಿಲ್ಪ ಮಧ್ಯಾಹ್ನದ ಬಿಸಿಲಿಗೆ ಬಿರುಕು ಬಿಡುವುದು ಬಹುತೇಕ ಖಚಿತ. ಒಂದು ರಾತ್ರಿ ನೀರು ಬಸಿಯಲು ಬಿಟ್ಟರೆ ಒಳ್ಳೆಯದು.

ಮರುದಿನ ಮೇಲಿನ ಚೌಕಟ್ಟನ್ನು ಮಾತ್ರ ಬಿಚ್ಚಿ, ಕೆತ್ತನೆಯನ್ನು ತುದಿಯಿಂದ ಕೆಳಮುಖವಾಗಿ ಸಾಗಿಸಬೇಕು, ಏಕೆಂದರೆ ಉದುರುವ ಮರಳು ಮುಗಿದ ಭಾಗವನ್ನು ಹಾಳುಮಾಡಬಾರದು. ದೊಡ್ಡ ಆಕಾರಕ್ಕೆ ಕರಣೆ, ಕಣ್ಣು ಮೂಗುಗಳಿಗೆ ಚಮಚ ಮತ್ತು ಮೃದುವಾದ ಬ್ರಷ್ ಸಾಕು. ಚಾಚಿದ ಕೈಗಳಂತಹ ಆಧಾರವಿಲ್ಲದ ಭಾಗಗಳನ್ನು ದಯವಿಟ್ಟು ಕೈಬಿಡಿ. ಅವನ್ನು ದೇಹಕ್ಕೆ ಅಂಟಿದಂತೆಯೇ ರೂಪಿಸಿ. ಉತ್ಸವ ಹಲವು ದಿನ ನಡೆಯುವುದಾದರೆ ನೀರಿನಲ್ಲಿ ತೆಳುವಾಗಿ ಕಲಸಿದ ಬಿಳಿ ಅಂಟನ್ನು ಸಿಂಪಡಿಸಿ, ಸುತ್ತಲೂ ಹಗ್ಗ ಕಟ್ಟಬೇಕು.